ಹಳೆಯ ನಕ್ಷೆಯ ಸ್ಕ್ಯಾನ್ ಪ್ರತಿಯನ್ನು ಆಟೋಕ್ಯಾಡ್‌ನಲ್ಲಿ ನಿಜವಾದ ಅಳತೆಗೆ ತರುವುದು ಹೇಗೆ?

ಸಕಲೇಶಪುರದ ಕಡೆಯ ಹಳೆಯ ತೋಟದ ಮನೆಯ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ಗೆ ತಂದು, ಅದರ ಮೇಲೆ ಗೆರೆಗಳನ್ನೂ ಎಳೆದಿದ್ದೀರಿ. ಮುಂಭಾಗದ ಗೋಡೆ ಪರದೆಯಲ್ಲಿ 37.4 ಎಂದು ತೋರಿಸುತ್ತಿದೆ, ಟೇಪು ಹಿಡಿದರೆ 42 ಅಡಿ. ಸ್ಕೇಲ್ ಫ್ಯಾಕ್ಟರ್, ಅಂದರೆ ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಸಂಖ್ಯೆ, ಎಷ್ಟು ಕೊಡಬೇಕು, ಅಥವಾ ಗೆಳೆಯರು ಹೇಳಿದಂತೆ ಅಲೈನ್ ಎಂಬ ಆಜ್ಞೆ ಬಳಸಬೇಕೇ ಎಂದು ಕೇಳಿದ್ದೀರಿ.

ಫ್ಯಾಕ್ಟರ್ ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ. 42ನ್ನು 37.4ರಿಂದ ಭಾಗಿಸಿದರೆ 1.12299… ಎಂದು ಮುಗಿಯದ ಸಂಖ್ಯೆ ಬರುತ್ತದೆ. 1.12 ಸಾಕು ಎಂದುಕೊಂಡರೆ ಗೋಡೆ ಒಂದೂಕಾಲು ಅಂಗುಲಕ್ಕಿಂತ ಹೆಚ್ಚೇ ಗಿಡ್ಡವಾಗುತ್ತದೆ. ಅಲ್ಲದೆ, ಪರದೆ ತೋರಿಸಿದ ಆ 37.4 ಕೂಡ ದಶಮಾಂಶ ಕತ್ತರಿಸಿದ ಸಂಖ್ಯೆಯೇ ಇರಬಹುದು. ಈ ಭಾಗಾಕಾರವನ್ನು ತಂತ್ರಾಂಶಕ್ಕೇ ಬಿಡಲು ಸ್ಕೇಲ್ ಆಜ್ಞೆಯೊಳಗೆ ರೆಫರೆನ್ಸ್ ಎಂಬ ಆಯ್ಕೆ ಇದೆ.

ಸ್ಕೇಲ್ ಆಜ್ಞೆಗೆ ಎಸ್‌ಸಿ (SC) ಒತ್ತಿ ಎಂಟರ್ ಮಾಡಿ. ಸ್ಕ್ಯಾನ್ ಚಿತ್ರವನ್ನೂ ನೀವು ಎಳೆದ ಗೆರೆಗಳನ್ನೂ ಒಟ್ಟಿಗೆ ಆಯ್ದುಕೊಳ್ಳಿ. ಬೇಸ್ ಪಾಯಿಂಟ್, ಅಂದರೆ ಹಿಗ್ಗುವಾಗ ಕದಲದೆ ನಿಲ್ಲುವ ಬಿಂದು, ಕೇಳಿದಾಗ ಗೋಡೆಯ ಒಂದು ತುದಿಯನ್ನು ಕೊಡಿ. ಫ್ಯಾಕ್ಟರ್ ಕೇಳಿದಾಗ ಸಂಖ್ಯೆಯ ಬದಲು ಆರ್ ಒತ್ತಿ ಎಂಟರ್ ಮಾಡಿ. ಈಗ ಅದು ರೆಫರೆನ್ಸ್ ಉದ್ದ ಕೇಳುತ್ತದೆ. 37.4 ಎಂದು ಟೈಪ್ ಮಾಡದೆ, ಗೋಡೆಯ ಆ ತುದಿ ಈ ತುದಿಗಳನ್ನು ಕ್ಲಿಕ್ ಮಾಡಿ ತೋರಿಸಿ. ಮೊದಲ ತುದಿ ಬೇಸ್ ಪಾಯಿಂಟೇ ಆಗಿದ್ದರೆ ಅದನ್ನು ಮತ್ತೆ ಹುಡುಕಬೇಕಿಲ್ಲ, @ ಚಿಹ್ನೆ ಒತ್ತಿ ಎಂಟರ್ ಮಾಡಿದರೆ ಸಾಕು. ಕೊನೆಗೆ ಹೊಸ ಉದ್ದವನ್ನು ಕೊಡಿ.

ಹೊಸ ಉದ್ದ ಕೊಡುವಾಗ ಒಂದು ಎಚ್ಚರ ಬೇಕು. ಆಟೋಕ್ಯಾಡ್‌ಗೆ 42 ಎಂದರೆ ಅಡಿಯೂ ಅಲ್ಲ, ಮೀಟರೂ ಅಲ್ಲ, ಬರೀ 42. ನಿಮ್ಮ ಕಡತ ಅಂಗುಲದಲ್ಲಿದ್ದರೆ 504 ಕೊಡಬೇಕು, ಮಿಲಿಮೀಟರ್‌ನಲ್ಲಿದ್ದರೆ 12801.6. ಮುಂದೆ ಈ ಕಡತ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಹೋಗುವುದಿದ್ದರೆ ಈಗಲೇ ಮಿಲಿಮೀಟರ್‌ಗೆ ತಂದುಬಿಡಿ ಎಂಬುದು ನನ್ನ ಸಲಹೆ.

ಆಜ್ಞೆಯ ಕಥೆ ಇಷ್ಟೇ. ಆದರೆ ಚಿಕ್ಕಮಗಳೂರಿನಲ್ಲಿ ತೋಟದ ಮನೆ, ಕಾಫಿ ಕಣ, ಗೋದಾಮುಗಳ ನಕ್ಷೆ ಮಾಡುವ ನನ್ನ ಬಳಿಗೆ ಬರುವ ಕಡತಗಳಲ್ಲಿ ಕೆಟ್ಟಿರುವುದು ಆಜ್ಞೆಯಲ್ಲ, ಆಯ್ದುಕೊಂಡ ಎರಡು ಬಿಂದುಗಳು. ಹಳೆಯ ನಕ್ಷೆಯಲ್ಲಿ ಬಾಗಿಲಿನ ಅಗಲ 3 ಅಡಿ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ, ಹಾಗಾಗಿ ಅದನ್ನೇ ಹಿಡಿದುಕೊಳ್ಳುವ ಆಸೆಯಾಗುತ್ತದೆ. ಗೆರೆಯ ತುದಿಗೆ ಕರ್ಸರ್ ತಾನಾಗಿ ಅಂಟಿಕೊಳ್ಳುವ ಆಬ್ಜೆಕ್ಟ್ ಸ್ನ್ಯಾಪ್ ಸ್ಕ್ಯಾನ್ ಚಿತ್ರದೊಳಗಿನ ಗೆರೆಗಳನ್ನು ಹಿಡಿಯುವುದಿಲ್ಲ, ಮಸಿಯ ಗೆರೆಯೂ ದಪ್ಪ. ತುದಿ ಗುರುತಿಸುವಾಗ ಅರ್ಧ ಅಂಗುಲದಷ್ಟು ಅತ್ತಿತ್ತ ಆಗಿಯೇ ಆಗುತ್ತದೆ. 3 ಅಡಿಯ ಬಾಗಿಲಿನ ಆ ಅರ್ಧ ಅಂಗುಲ, ಅದರ 14 ಪಟ್ಟು ಉದ್ದದ ನಿಮ್ಮ ಗೋಡೆಗೆ ಬರುವಾಗ 7 ಅಂಗುಲವಾಗಿರುತ್ತದೆ. ಅದೇ ಅರ್ಧ ಅಂಗುಲ 42 ಅಡಿಯ ಗೋಡೆಯನ್ನು ಹಿಡಿದಾಗ ಆಗಿದ್ದರೆ, ಇಡೀ ಗೋಡೆಗೆ ಅರ್ಧ ಅಂಗುಲವೇ ಉಳಿಯುತ್ತದೆ, ಬಾಗಿಲಿನಲ್ಲಿ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ನಕ್ಷೆಯಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಅತಿ ಉದ್ದದ ಅಳತೆಯನ್ನೇ ಹಿಡಿಯಿರಿ.

ಜಮೀನಿನ ನಕ್ಷೆಯಾದರೆ ಈ ತಪ್ಪು ಇನ್ನೂ ದುಬಾರಿ. ಉದ್ದದ ವ್ಯತ್ಯಾಸ ವಿಸ್ತೀರ್ಣಕ್ಕೆ ಹೋಗುವಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮೇಲೆ ಹೇಳಿದ ಬಾಗಿಲಿನ ಪ್ರಮಾಣದ ತಪ್ಪೇ ಒಂದು ಎಕರೆಯ ನಕ್ಷೆಯಲ್ಲಿ ಆದರೆ 40 ಗುಂಟೆಯಲ್ಲಿ ಒಂದು ಗುಂಟೆಗೂ ಮಿಕ್ಕಿ, ಅಂದರೆ 1089 ಚದರ ಅಡಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ. ನಮ್ಮ ಕಡೆ ಅದಕ್ಕಿಂತ ಕಡಿಮೆ ಜಾಗಕ್ಕೆ ಬೇಲಿ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತುತ್ತವೆ.

ನಿಮ್ಮ 42 ಅಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಒಮ್ಮೆ ನೋಡಿ. ಸ್ಥಳದಲ್ಲಿ ಟೇಪು ಹಿಡಿದಾಗ ಗಾರೆಯ ದಪ್ಪವೂ ಸೇರಿರುತ್ತದೆ. ನಕ್ಷೆಯ ಗೆರೆ ಸಾಮಾನ್ಯವಾಗಿ ಗಾರೆ ಇಲ್ಲದ ಗೋಡೆಯದು. ಜಗಲಿಯ ಅಂಚಿನಿಂದ ಅಳೆದಿದ್ದರಂತೂ ಅದು ಬೇರೆಯೇ ಅಳತೆ. ಹೆಂಚಿನ ಮಾಡಿನ ಅಂಚನ್ನು ಮಾತ್ರ ಯಾವ ಕಾರಣಕ್ಕೂ ಆಧಾರವಾಗಿ ಇಟ್ಟುಕೊಳ್ಳಬೇಡಿ.

ಸ್ಕೇಲ್ ಆದ ಮೇಲೆ ದೂರ ಅಳೆಯುವ ಡಿಐ ಆಜ್ಞೆಯಿಂದ ಇನ್ನೊಂದು ದಿಕ್ಕಿನ ಅಳತೆಯನ್ನು, ಅಂದರೆ ಮನೆಯ ಮುಂದಿನಿಂದ ಹಿಂದಿನವರೆಗಿನ ಉದ್ದವನ್ನು ಪರೀಕ್ಷಿಸಿ. ಮಲೆನಾಡಿನ ಮಳೆಗಾಲಗಳನ್ನು ಕಂಡ ಕಾಗದ ತೇವ ಹೀರಿ ಹಿಗ್ಗುತ್ತದೆ, ಅದೂ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಸ್ಕೇಲ್ ಆಜ್ಞೆ ಎರಡೂ ದಿಕ್ಕಿಗೆ ಒಂದೇ ಪ್ರಮಾಣ ಹಾಕುವುದರಿಂದ ಈ ದೋಷ ಅದರಿಂದ ಹೋಗುವುದಿಲ್ಲ. ನೀವು ಎಳೆದ ಗೆರೆಗಳನ್ನು ಬ್ಲಾಕ್ ಮಾಡಿ, ಅಂದರೆ ಒಂದೇ ವಸ್ತುವಾಗಿ ಕಟ್ಟಿ, ಪ್ರಾಪರ್ಟೀಸ್‌ನಲ್ಲಿ ಎಕ್ಸ್ ಮತ್ತು ವೈ ಪ್ರಮಾಣಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ವ್ಯತ್ಯಾಸ ದೊಡ್ಡದಿದ್ದರೆ ನಾನು ಆ ದಾರಿ ಹಿಡಿಯುವುದಿಲ್ಲ, ಟೇಪು ತೆಗೆದುಕೊಂಡು ಮನೆಗೇ ಹೋಗುತ್ತೇನೆ. ಇನ್ನು ಸ್ಕ್ಯಾನ್ ಅಲ್ಲದೆ ಮೊಬೈಲ್‌ನಲ್ಲಿ ಓರೆಯಾಗಿ ತೆಗೆದ ಫೋಟೋ ಆಗಿದ್ದರೆ ಈ ಯಾವುದೂ ಕೆಲಸಕ್ಕೆ ಬಾರದು, ಏಕೆಂದರೆ ಹತ್ತಿರದ ಅಂಚಿಗೂ ದೂರದ ಅಂಚಿಗೂ ಪ್ರಮಾಣವೇ ಬೇರೆ. ಮತ್ತೆ ಸ್ಕ್ಯಾನ್ ಮಾಡಿಸಿ.

ಲಾಕ್ ಅಥವಾ ಫ್ರೀಜ್ ಆದ ಲೇಯರ್‌ಗಳನ್ನು, ಅಂದರೆ ನಕ್ಷೆಯ ಪದರಗಳನ್ನು, ಸ್ಕೇಲ್ ಮಾಡುವ ಮೊದಲೇ ತೆರೆದಿಡಿ, ಇಲ್ಲವಾದರೆ ಅವುಗಳಲ್ಲಿರುವುದೆಲ್ಲ ಹಳೆಯ ಗಾತ್ರದಲ್ಲೇ ಹಿಂದೆ ಉಳಿಯುತ್ತದೆ. ಅಕ್ಷರಗಳನ್ನೂ ಆಯ್ಕೆಯಲ್ಲಿ ಸೇರಿಸಿದ್ದರೆ ಅವೂ ಹಿಗ್ಗುತ್ತವೆ. ಯಾರಾದರೂ ಡೈಮೆನ್ಶನ್‌ನ, ಅಂದರೆ ನಕ್ಷೆಯ ಮೇಲೆ ಅಳತೆ ತೋರಿಸುವ ಗುರುತಿನ, ಸಂಖ್ಯೆಯನ್ನು ಕೈಯಿಂದ ತಿದ್ದಿ ಕೂರಿಸಿದ್ದರೆ ಅದು ಮಾತ್ರ ಎಷ್ಟು ಸ್ಕೇಲ್ ಮಾಡಿದರೂ ಬದಲಾಗುವುದಿಲ್ಲ.

ಅಲೈನ್ ವಿಚಾರದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ತಪ್ಪಲ್ಲ, ಆದರೆ ಅದಕ್ಕೆ ಬೇರೆ ಸಂದರ್ಭ ಬೇಕು. ಸ್ಕ್ಯಾನ್ ಸ್ವಲ್ಪ ವಾರೆಯಾಗಿದೆ, ಜೊತೆಗೆ ಸರಿಯಾದ ಅಳತೆಯ ಗೆರೆಯೊಂದು ಕಡತದಲ್ಲಿ ಆಗಲೇ ಇದೆ ಎನ್ನೋಣ. ಆಗ ಎಎಲ್ (AL) ಒತ್ತಿ, ನಕ್ಷೆಯ ಒಂದು ತುದಿ, ಅದು ಕೂರಬೇಕಾದ ಜಾಗ, ಇನ್ನೊಂದು ತುದಿ, ಅದರ ಜಾಗ ಎಂದು ಎರಡು ಜೋಡಿ ತೋರಿಸಿ ಎಂಟರ್ ಮಾಡಿ. ಸ್ಕೇಲ್ ಮಾಡಬೇಕೇ ಎಂದು ಕೇಳಿದಾಗ ಹೌದು ಎನ್ನಲು ವೈ (Y) ಒತ್ತಿ. ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಮೂರೂ ಒಂದೇ ಸಲಕ್ಕೆ ಆಗುತ್ತವೆ. ನಿಮ್ಮಲ್ಲಿರುವುದು ಟೇಪಿನ ಒಂದು ಸಂಖ್ಯೆ ಮಾತ್ರ, ನಕ್ಷೆಯೂ ನೇರವಾಗಿಯೇ ಕುಳಿತಿದೆ ಎಂದಾದರೆ ರೆಫರೆನ್ಸ್ ಸಾಕು.