ಬಂಡೀಪುರದ ಆ ಗಿಡ್ಡ ಕೊಂಬಿನ ಜಿಂಕೆಗೆ ಕಾಯಿಲೆ ಇಲ್ಲ

ಒಂದೇ ಹಿಂಡಿನಲ್ಲಿ ಒಂದು ಗಂಡಿಗೆ ಉದ್ದನೆಯ ಕೊಂಬು, ಇನ್ನೊಂದಕ್ಕೆ ಮೋಟು ಕೊಂಬು, ಅದರ ಮೇಲೆ ಮಖಮಲ್ಲಿನಂಥ ಚರ್ಮ, ಇದು ಕಾಯಿಲೆಯಾ ಅಂತ ಕೇಳಿದ್ದೀರಿ. ಅಲ್ಲ. ಚುಕ್ಕೆ ಜಿಂಕೆಯ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ, ಆದರೆ ಎಲ್ಲದಕ್ಕೂ ಒಂದೇ ತಿಂಗಳಲ್ಲಿ ಅಲ್ಲ. ಹಾಗಾಗಿ ನೀವು ನೋಡಿದ್ದು ಮಾಮೂಲಿ. ಆ ಚರ್ಮದಲ್ಲಿ ರಕ್ತ ಹರಿಯುತ್ತಿರುತ್ತದೆ, ಒಳಗೆ ಮೂಳೆ ಬೆಳೆಯುತ್ತಿರುತ್ತದೆ. ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನು ಏರಿದಾಗ ಮೂಳೆ ಗಟ್ಟಿಯಾಗಿ ಚರ್ಮ ಒಣಗುತ್ತದೆ, ಆಗ ಜಿಂಕೆ ಮರಕ್ಕೆ ಉಜ್ಜಿ ಉಜ್ಜಿ ಅದನ್ನು ಕಿತ್ತು ಹಾಕುತ್ತದೆ, ಕೆಲವೊಮ್ಮೆ ಚರ್ಮದ ಚಿಂದಿ ಕಿವಿಯ ಹತ್ತಿರ ಜೋತಾಡುತ್ತಿರುತ್ತದೆ.

ಇನ್ನು ಗಾತ್ರದ ವಿಷಯ. ಮೊದಲು ವಯಸ್ಸು: ಮೊದಲ ಸಲ ಬರುವುದು ಕವಲಿಲ್ಲದ ಕಡ್ಡಿಯಂಥದ್ದು, ಬಲಿತ ಗಂಡಿಗೆ ಸಾಮಾನ್ಯವಾಗಿ ಒಂದೊಂದು ಕಡೆ 3 ಕವಲು. ಆಮೇಲೆ ಮೇವು. ಕ್ಯಾಲ್ಸಿಯಂ, ರಂಜಕ ಸಾಲದಿದ್ದರೆ ದೇಹ ತನ್ನ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ, ಬರಗಾಲದಲ್ಲಿ ಬೆಳೆದ ಕೊಂಬು ಸಣ್ಣಗಾಗಬಹುದು. ವಂಶವೂ ಸೇರುತ್ತದೆ ಅನ್ನಿ. ಬೆಳೆಯುವಾಗ ಪೆಟ್ಟು ಬಿದ್ದರೆ ಸೊಟ್ಟ.

ಅಂದಹಾಗೆ, ಕೃಷ್ಣಮೃಗದ ಕೊಂಬು ಉದುರುವುದೇ ಇಲ್ಲ, ಅದು ಬೇರೆ ಜಾತಿ. ಕಾಡಲ್ಲಿ ಉದುರಿದ ಕೊಂಬು ಸಿಕ್ಕರೆ ಸುಮ್ನೆ ಅಲ್ಲೇ ಬಿಡಿ, ಮನೆಗೆ ತಂದರೆ ಕೇಸಾಗುತ್ತದೆ. ಅಲ್ಲೇ ಬಿಟ್ಟರೆ ಮುಳ್ಳುಹಂದಿ ಬಂದು ಅದನ್ನು ಕಡಿದುಕೊಳ್ಳುತ್ತದೆ.