ಮಗಳಿಗೆ ಸೀರೆ ಕಳಿಸಿದರೆ ಸುಂಕ ಎಷ್ಟು?

ಪ್ರಶ್ನೆ: ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ 9,000 ರೂಪಾಯಿಯ ಇಳಕಲ್ ಸೀರೆ, ಅಳಿಯನಿಗೆ 1,500ರ ಜುಬ್ಬಾ, ಕೂಸಿಗೆ ಖಣದ ಕುಂಚಿಗೆ ಅಂಚೆಯಲ್ಲಿ ಕಳಿಸಬೇಕು. ಫಾರಂನಲ್ಲಿ ಬರೀ 500 ರೂಪಾಯಿ ಅಂತ ಬರೆದರೆ ಸುಂಕ ಬೀಳಲ್ಲ ಅಂತಾರೆ. ಹಾಗೆ ಬರೆಯಬಹುದಾ?
– ಓದುಗರು, ಬಾಗಲಕೋಟೆ

ಉತ್ತರ: ಬೇಡ ತಾಯಿ, ಹಾಗೆ ಬರೆಯಬೇಡಿ. ಒಮ್ಮೆ ನಾನೂ ಯಾರದೋ ಮಾತು ಕೇಳಿ ‘ಬಟ್ಟೆ, 500 ರೂ.’ ಅಂತ ಬರೆದು ತಂಗಿಗೆ ಸೀರೆ ಕಳಿಸಿದ್ದೆ. ಎರಡು ತಿಂಗಳಾದ ಮೇಲೆ ಅದೇ ಪೊಟ್ಟಣ, ಮೂಲೆ ಹರಿದು, ಮೇಲೊಂದು ಚೀಟಿ ಅಂಟಿಸಿಕೊಂಡು ನಮ್ಮ ಮನೆಗೇ ವಾಪಸ್ ಬಂತು. ಅವಳ ಹಬ್ಬ ಮುಗಿದೇ ಹೋಗಿತ್ತು. ಪಾರ್ಸೆಲ್ ಕಳೆದುಹೋದರೂ ಅಷ್ಟೇ, ನೀವು ಬರೆದ ಬೆಲೆಗಿಂತ ಜಾಸ್ತಿ ಪರಿಹಾರ ಕೇಳೋಕೆ ಆಗಲ್ಲ.

ನಿಜ ಬರೆದರೂ ನಿಮಗೆ ಅಂಥ ಹೊರೆಯೇನೂ ಬೀಳಲ್ಲ. ಮನೆಯವರು ಮನೆಯವರಿಗೆ ಕಾರ್ಯಕ್ಕೆ ಅಂತ ಕಳಿಸುವ ಉಡುಗೊರೆ 39 ಪೌಂಡ್ ಒಳಗಿದ್ದರೆ, ಅಂದರೆ ಹೆಚ್ಚುಕಡಿಮೆ 4,500 ರೂಪಾಯಿ, ಬ್ರಿಟನ್‌ನಲ್ಲಿ ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ) ಇಲ್ಲ. 135 ಪೌಂಡ್ ತನಕ ಆಮದು ಸುಂಕವೂ ಇಲ್ಲ. ಒಂದೇ ಡಬ್ಬಿಯಲ್ಲಿ ಮೂವರಿಗೆ ಕಳಿಸಿದರೆ ಈ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆ ಸಿಗುತ್ತದೆ, ಆದರೆ ಒಂದೊಂದನ್ನೂ ಬೇರೆ ಸುತ್ತಿ, ಹೆಸರು ಬರೆದು, ಫಾರಂನಲ್ಲೂ ಬೇರೆ ಬೇರೆ ಬೆಲೆ ಕಾಣಿಸಿರಬೇಕು. ಹಾಗಾಗಿ ಜುಬ್ಬಾ ಪಾರಾಯಿತು. ಕುಂಚಿಗೆಯ ಚಿಂತೆಯಂತೂ ಬೇಡವೇ ಬೇಡ, ಚಿಕ್ಕ ಮಕ್ಕಳ ಬಟ್ಟೆಗೆ ಅಲ್ಲಿ ವ್ಯಾಟೇ ಇಲ್ಲ.

ಉಳಿದದ್ದು ಸೀರೆ. ಸುಮಾರು 75 ಪೌಂಡ್ ಆಗುತ್ತೆ ಅಲ್ವಾ? ಅದಕ್ಕೆ ಅಂಚೆ ಖರ್ಚನ್ನೂ ಸೇರಿಸಿ 20% ವ್ಯಾಟ್ ಹಾಕ್ತಾರೆ, ಸೀರೆಯ ಪಾಲಿಗೇ 15 ಪೌಂಡ್. ಜೊತೆಗೆ ಅಲ್ಲಿನ ಅಂಚೆಯವರ ನಿರ್ವಹಣಾ ಶುಲ್ಕ ಇರುತ್ತೆ.

ಸುಮ್ನೆ ‘ಬಟ್ಟೆ’ ಅಥವಾ ‘ಗಿಫ್ಟ್’ ಅಂತ ಬರೆದರೆ ಸಾಲದು. ‘ಹೆಂಗಸರ ಸೀರೆ, ಹತ್ತಿ-ರೇಷ್ಮೆ, 1’, ‘ಕೂಸಿನ ಟೋಪಿ-ಹೊದಿಕೆ, 1’ ಅನ್ನೋ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆಸಿ. ಉಡುಗೊರೆ ಅನ್ನುವ ಚೌಕಕ್ಕೂ ಗುರುತು ಹಾಕಿಸಿ. ಸೀರೆ ರೇಷ್ಮೆಯದೋ ಹತ್ತಿಯದೋ ಅನ್ನುವುದರ ಮೇಲೆ ಎಚ್‌ಎಸ್ ಕೋಡ್ (ಸುಂಕದವರು ಸರಕನ್ನು ಗುರುತಿಸುವ ಸಂಖ್ಯೆ) ಬದಲಾಗುತ್ತೆ, ಅಂಗಡಿಯವರನ್ನು ಕೇಳಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಸೀರೆಯ ವ್ಯಾಟ್, ನಿರ್ವಹಣಾ ಶುಲ್ಕದ ದುಡ್ಡು ಕಟ್ಟಬೇಕಾದವರು ನೀವಲ್ಲ, ಮಗಳು. ಕಟ್ಟುವ ತನಕ ಪಾರ್ಸೆಲ್ ಅಲ್ಲೇ ಕೂತಿರುತ್ತೆ. ಇವತ್ತೇ ಫೋನ್ ಮಾಡಿ ಹೇಳಿ, ಬಿಲ್ಲಿನ ಫೋಟೋ ಕೂಡ ಕಳಿಸಿಬಿಡಿ.