ಕಡಲತೀರ ಉಳಿಸಲು ದೇಣಿಗೆ ಕೊಡುವ ಮುನ್ನ ಏನು ಕೇಳಬೇಕು?

ತೀರದ ಜಮೀನು ಕೊಳ್ಳುವ ನಿಧಿಗೆ ದುಡ್ಡು ಕೊಟ್ಟರೆ ಆ ತೀರ ಉಳಿದಂತೆಯೇ ಎಂದು ಕೇಳಿದ್ದೀರಿ. ಕೊಳ್ಳುವುದು ಅರ್ಧ ಕೆಲಸ, ಅದೂ ಸುಲಭದ ಅರ್ಧ.

ಬ್ರಿಟನ್ನಿನಲ್ಲಿ ನಿಸರ್ಗ, ಪರಂಪರೆ ಕಾಯುವ ದತ್ತಿ ಸಂಸ್ಥೆ ನ್ಯಾಷನಲ್ ಟ್ರಸ್ಟ್ 1965ರಲ್ಲಿ ನೆಪ್ಚೂನ್ ಎಂಬ ಅಭಿಯಾನ ಶುರುಮಾಡಿ, ಜನರ ದೇಣಿಗೆಯಿಂದ ತೀರವನ್ನು ತುಂಡು ತುಂಡಾಗಿ ಕೊಳ್ಳುತ್ತಾ ಬಂತು. 1988ರಲ್ಲಿ ಈಶಾನ್ಯ ಇಂಗ್ಲೆಂಡಿನ ಡರ್ಹಮ್ ಕರಾವಳಿಯಲ್ಲಿ 500ನೇ ಮೈಲಿ ಸಿಕ್ಕಿತು. ಕೊಟ್ಟ ಬೆಲೆ 1 ಪೌಂಡ್. ಕಲ್ಲಿದ್ದಲು ಗಣಿಗಳ ಕಸ ದಶಕಗಟ್ಟಲೆ ಸುರಿದು ಆ ದಂಡೆ ಕಪ್ಪಾಗಿತ್ತು. ಮುಂದೆ ಹಲವು ಸಂಸ್ಥೆಗಳು ಸೇರಿ ಆ ಕರಾವಳಿಯನ್ನು ಸರಿಪಡಿಸಲು ಸುಮಾರು 1 ಕೋಟಿ ಪೌಂಡ್ ಬೇಕಾಯಿತು.

ಆದ್ದರಿಂದ ಸಂಸ್ಥೆಗೆ ನಿಮ್ಮ ಮೊದಲ ಪ್ರಶ್ನೆ ಇದಾಗಲಿ: ಕೊಂಡ ಮೇಲೆ ನಿರ್ವಹಣೆಗೆ ಮೂಲನಿಧಿ ಎಷ್ಟಿದೆ? ಹಣದುಬ್ಬರ ಕಳೆದು ಶೇ. 4ರ ಆದಾಯ ಬಂದರೂ ವರ್ಷದ ಖರ್ಚಿನ 25 ಪಟ್ಟು ಇಡಗಂಟು ಬೇಕು. ಎರಡನೆಯದು, ಆ ಜಮೀನನ್ನು ಮುಂದೆ ಮಾರಲು ಬರುತ್ತದೆಯೇ? 1907ರ ಕಾಯ್ದೆಯ ಬಲದಿಂದ ನ್ಯಾಷನಲ್ ಟ್ರಸ್ಟ್ ತನ್ನ ಜಮೀನನ್ನು ಪರಭಾರೆ ಮಾಡಲಾಗದ್ದೆಂದು ಘೋಷಿಸಬಹುದು. ಆಮೇಲೆ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಇಂಥ ಕಟ್ಟುಪಾಡಿಲ್ಲದಿದ್ದರೆ ಮುಂದೊಂದು ಆಡಳಿತ ಮಂಡಳಿ ಕೈಬದಲಿಸಿಬಿಡಬಹುದು. ವ್ಯವಹಾರ ಕುದುರದಿದ್ದರೆ ನಿಮ್ಮ ಹಣ ಏನಾಗುತ್ತದೆ ಎಂಬುದನ್ನೂ ಬರಹದಲ್ಲೇ ಪಡೆಯಿರಿ.

ಇನ್ನು ನಿರ್ವಹಣೆ ಎಂದರೇನು? ಮರಳ ದಿಬ್ಬವನ್ನೇ ನೋಡಿ. ಜನ ಒಂದೇ ಜಾಡಿನಲ್ಲಿ ನಡೆದರೆ ಹುಲ್ಲಿನ ಬೇರು ಹರಿಯುತ್ತದೆ, ಆ ಸೀಳಿನಲ್ಲಿ ಗಾಳಿ ನುಗ್ಗಿ ಹೊಂಡ ತೋಡುತ್ತದೆ. ದಿಬ್ಬ ದುರಸ್ತಿ ಮಾಡುವಾಗ ಮೊದಲು ಓಡಾಟಕ್ಕೆ ಹಲಗೆದಾರಿ, ಆಮೇಲೆ ಗಾಳಿಗೆ ಅಡ್ಡವಾಗಿ ಬೇಲಿ, ಕೊನೆಗೆ ಹುಲ್ಲು. ಬೇಲಿಯಲ್ಲಿ ಸುಮಾರು ಅರ್ಧದಷ್ಟು ಸಂದು ಇರಬೇಕು. ಸಂದಿಲ್ಲದ ಹಲಗೆಬೇಲಿ ಹಾಕಿದರೆ ಗಾಳಿ ಅದಕ್ಕೆ ಬಡಿದು ಬುಡದ ಮರಳನ್ನೇ ಕೊರೆಯುತ್ತದೆ. ಯುರೋಪಿನಲ್ಲಿ ದಿಬ್ಬದ ಮರಳು ಹಿಡಿದಿಡುವ ಮ್ಯಾರಮ್ ಹುಲ್ಲಿನ ಎರಡು ಮೂರು ಕುಡಿಗಳನ್ನು ಒಟ್ಟಿಗೆ ಹಿಡಿದು, ಸುಮಾರು ಒಂದು ಗೇಣು ಆಳಕ್ಕೆ, ಅರ್ಧ ಮೀಟರ್ ಅಂತರದಲ್ಲಿ ನೆಟ್ಟು, ಹಿಮ್ಮಡಿಯಿಂದ ಮರಳು ಒತ್ತುತ್ತಾರೆ. ಮೇಲೆಮೇಲೆ ನೆಟ್ಟರೆ ಬೇರು ಒಣಗುತ್ತದೆ. ನೇರ ಸಾಲಿನಲ್ಲಿ ನೆಟ್ಟರೆ ಸಾಲಿನ ನಡುವೆಯೇ ಗಾಳಿಗೆ ಓಣಿ ಸಿಗುತ್ತದೆ. ಅದಕ್ಕೇ ಒಂದು ಸಾಲಿನ ಗಿಡ ಮುಂದಿನ ಸಾಲಿನ ಸಂದಿಗೆ ಬರಬೇಕು. ಇದೇ ಹುಲ್ಲನ್ನು ನ್ಯೂಜಿಲೆಂಡಿಗೂ ಅಮೆರಿಕದ ಪಶ್ಚಿಮ ತೀರಕ್ಕೂ ಒಯ್ದು ನೆಟ್ಟಿದ್ದರಿಂದ ಅಲ್ಲಿನ ಸ್ಥಳೀಯ ಸಸ್ಯಗಳು ನಲುಗಿವೆ, ಈಗ ಅದನ್ನು ಕಿತ್ತುಹಾಕಲು ಹಣ ಸುರಿಯುತ್ತಿದ್ದಾರೆ. ಯಾವ ಗಿಡ, ಎಲ್ಲಿಯದು ಎಂದು ಕೇಳಲು ಸಂಕೋಚಪಡಬೇಡಿ.

"ಇಷ್ಟು ಸಾವಿರ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಟ್ಟೆವು" ಎಂಬ ವರದಿ ಕಂಡರೆ ನನಗೆ ಅನುಮಾನವೇ ಮೊದಲು. ಸಸಿ ನೆಡಲು ಅನುಕೂಲವೆಂದು ಬರಿದಾದ ಕೆಸರುಬಯಲನ್ನು ಆರಿಸುತ್ತಾರೆ. ಅದು ಹೆಚ್ಚಾಗಿ ಸರಾಸರಿ ಸಮುದ್ರಮಟ್ಟಕ್ಕಿಂತ ಕೆಳಗಿರುತ್ತದೆ. ಕಾಂಡ್ಲಾ ಬೆಳೆಯುವುದು ಅದಕ್ಕಿಂತ ಮೇಲೆ. ಹೊತ್ತು ಮೀರಿ ನೀರಲ್ಲಿ ಮುಳುಗಿದರೆ ಬೇರಿಗೆ ಉಸಿರು ಸಿಗದೆ ಸಾಯುತ್ತದೆ. ಹಳೆಯ ಸಿಗಡಿ ಹೊಂಡದ ಬದು ಒಡೆದು ಉಬ್ಬರದ ನೀರಿಗೆ ದಾರಿ ಬಿಟ್ಟರೆ, ಹತ್ತಿರ ತಾಯಿಮರಗಳಿದ್ದಲ್ಲಿ ಬೀಜ ತಾನಾಗಿಯೇ ತೇಲಿಬಂದು ಬೇರೂರುತ್ತದೆ. ನೆಟ್ಟ ಲೆಕ್ಕ ಬೇಡ, ಮೂರು ವರ್ಷದ ನಂತರ ಎಷ್ಟು ಉಳಿದಿವೆ ಎಂಬ ಲೆಕ್ಕ ಕೇಳಿ.

ಕಡಲ್ಕೊರೆತಕ್ಕೆ ತಡೆಗೋಡೆ ಕಟ್ಟುವ ಯೋಜನೆಗೆ ಕೊಡುವ ಮುನ್ನ ಎರಡು ಸಲ ಯೋಚಿಸಿ. ಗೋಡೆ ಹಿಂದಿನ ನೆಲ ಉಳಿಯಬಹುದು, ಆದರೆ ಮುಂದಿನ ಮರಳು ಕೊಚ್ಚಿಹೋಗುತ್ತದೆ, ಪಕ್ಕದ ತೀರಕ್ಕೆ ಬರಬೇಕಾದ ಮರಳೂ ನಿಲ್ಲಬಹುದು. ತೀರ ಹಿಂದೆ ಸರಿಯಲು ಜಾಗ ಬೇಕು, ಹಾಗಾಗಿ ಒಳನಾಡಿನ ಪಟ್ಟಿಯನ್ನೂ ಸೇರಿಸಿ ಕೊಳ್ಳುವ ಸಂಸ್ಥೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಕೊಡುವಾಗ ಸಾಧ್ಯವಾದರೆ ಒಂದೇ ಸಲದ ದೊಡ್ಡ ಮೊತ್ತಕ್ಕಿಂತ ಪ್ರತಿ ತಿಂಗಳು ಸಣ್ಣ ಮೊತ್ತ ಕೊಡಿ, ಇಂಥದ್ದಕ್ಕೇ ಎಂಬ ಷರತ್ತು ಹಾಕಬೇಡಿ. ಬೇಲಿ ಮುರಿದ ವಾರ ಕೈಯಲ್ಲಿರಬೇಕಾದದ್ದು ಆ ಹಣವೇ.